ಹಬ್ಬದ ದಿನ ತಂಗಳು ಬಡಿಸುವ ಟಿವಿ

ಬಸ್ಸಿಲ್ಲ, ರೈಲಿಲ್ಲ, ಅಂಗಡಿಗಳಿಗೆ ಬೀಗ. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಕರ್ಫ್ಯೂ ಅಂದುಕೊಳ್ಳಬೇಡಿ, ಇದು ಇಂಗ್ಲೆಂಡಿನ ಕ್ರಿಸ್‌ಮಸ್!

ಮಾಧ್ಯಮ ಅಧ್ಯಯನದಲ್ಲಿ ಎಂ.ಎ. ಮಾಡಲೆಂದು 2024ರ ಸೆಪ್ಟೆಂಬರ್‌ನಲ್ಲಿ ಶೆಫೀಲ್ಡ್‌ಗೆ ಹೋದವಳು ನಾನು. ನನ್ನ ಊರು ಸಾಗರ. ಮಾರಿಜಾತ್ರೆ ಬಂತೆಂದರೆ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಹಬ್ಬ ಅಂದರೆ ಬೀದಿ ಎಂದು ತಿಳಿದು ಬೆಳೆದವಳಿಗೆ ಡಿಸೆಂಬರ್ 25ರ ಆ ಖಾಲಿ ರಸ್ತೆ ಕಂಡು ಹೊಟ್ಟೆಯಲ್ಲಿ ಏನೋ ಆಯಿತು. ಅಲ್ಲಿ ದೊಡ್ಡ ಅಂಗಡಿಗಳು ಆ ದಿನ ಬಾಗಿಲು ತೆರೆಯುವಂತೆಯೇ ಇಲ್ಲ. ಅದಕ್ಕೆಂದೇ 2004ರಲ್ಲಿ ಕಾನೂನು ಮಾಡಿದ್ದಾರೆ. ಲಂಡನ್ನಿನ ಮೆಟ್ರೊ ಕೂಡ ಅಂದು ನಿಲ್ಲುತ್ತದೆ. ನನ್ನ ಜೊತೆ ಮನೆ ಹಂಚಿಕೊಂಡಿದ್ದ ನಾಲ್ವರೂ ಅವರವರ ಊರಿಗೆ ಹೋಗಿದ್ದರು. ‘ಹಬ್ಬದ ದಿನ ಏನೇ ಮಾಡ್ಕೊಂಡೆ?’ ಎಂದು ಅಮ್ಮ ವಿಡಿಯೊ ಕಾಲ್‌ನಲ್ಲಿ ಕೇಳಿದರೆ ಮ್ಯಾಗಿ ಎನ್ನಲು ನಾಚಿಕೆ.

ಪುಣ್ಯಕ್ಕೆ ಪಕ್ಕದ ಮನೆಯ ಅಜ್ಜಿ ಕರೆದರು. ಎಂಬತ್ತು ದಾಟಿದವರು, ಒಬ್ಬರೇ ಇರುವವರು. ಮಗ ಆಸ್ಟ್ರೇಲಿಯಾದಲ್ಲಿ. ‘ಬಾ ಲವ್, ಆಲೂಗಡ್ಡೆ ಜಾಸ್ತಿ ಬೇಯಿಸಿದ್ದೇನೆ’ ಎಂದರು. (ಗಾಬರಿಯಾಗಬೇಡಿ, ಆ ಕಡೆ ಬಸ್ ಡ್ರೈವರೂ ತರಕಾರಿ ಮಾರುವವನೂ ಎಲ್ಲರನ್ನೂ ‘ಲವ್’ ಅಂತಲೇ ಕರೆಯುವುದು.) ಅವರ ಟೀಪಾಯ್ ಮೇಲೆ ‘ರೇಡಿಯೊ ಟೈಮ್ಸ್’ ಪತ್ರಿಕೆಯ ದಪ್ಪನೆಯ ಕ್ರಿಸ್‌ಮಸ್ ಸಂಚಿಕೆ ಇತ್ತು. ಎರಡು ವಾರದ ಟಿವಿ, ರೇಡಿಯೊ ಕಾರ್ಯಕ್ರಮಗಳ ಪಟ್ಟಿ ಅದರಲ್ಲಿರುತ್ತದೆ. ನೋಡಬೇಕಾದ್ದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿಟ್ಟುಕೊಳ್ಳುವುದು ಅಲ್ಲಿನ ಮನೆಮನೆಯ ಪದ್ಧತಿ. 1988ರ ಕ್ರಿಸ್‌ಮಸ್ ಸಂಚಿಕೆ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿತ್ತು ಎಂದರೆ ಈ ಪದ್ಧತಿ ಎಷ್ಟು ಆಳದ್ದು ಎಂದು ಲೆಕ್ಕ ಹಾಕಿ. ಅಜ್ಜಿಯ ಕೆಂಪು ಪೆನ್ನು ಎರಡು ವಾರಗಳಲ್ಲಿ ಸುತ್ತು ಹಾಕಿದ್ದು ಬರೀ ಏಳಕ್ಕೆ. ಉಳಿದವನ್ನು ಬೆರಳಿಟ್ಟು ತೋರಿಸುತ್ತಾ ಹೋದರು: ‘ಇದು ಹಳೆಯದು. ಇದೂ ಹಳೆಯದು. ಇದನ್ನು ನನ್ನ ಗಂಡ ಇದ್ದಾಗ ನೋಡಿದ್ದೆವು.’

‘ಈ ಸಲವೂ ಟಿವಿಯಲ್ಲಿ ಏನೂ ಇಲ್ಲ’ ಎನ್ನುವುದು ಬ್ರಿಟಿಷರ ವಾರ್ಷಿಕ ಗೊಣಗಾಟ. ಅದಕ್ಕೆ ಟಿವಿಯ ಪರ ಮಾತಾಡುವವರ ಸಿದ್ಧ ಉತ್ತರವೂ ಇದೆ: ‘ಈಗ ಯಾರ್ರೀ ಒಟ್ಟಿಗೆ ಕೂತು ನೋಡ್ತಾರೆ? ಎಲ್ಲರ ಕೈಯಲ್ಲೂ ಫೋನಿದೆ.’ ನಿಜ ಹೇಳಬೇಕೆಂದರೆ ನವೆಂಬರ್‌ನಲ್ಲಿ ನಾನು ಬರೆದ ಪ್ರಬಂಧದ ಸಾರವೂ ಇದೇ ಆಗಿತ್ತು. ನೋಡುಗರು ಚದುರಿಹೋದ ಮೇಲೆ ಟಿವಿ ಏನು ತಾನೇ ಮಾಡೀತು ಎಂದು ಹತ್ತು ಪುಟ ಬರೆದು ಒಳ್ಳೆಯ ಅಂಕವನ್ನೂ ಗಿಟ್ಟಿಸಿದ್ದೆ. ಈಗ ಅದನ್ನು ಒಪ್ಪಲಾರೆ.

ಎಲ್ಲರೂ ಬೆರಳು ತೋರಿಸುವುದು 1977ರ ಕಡೆಗೆ. ಎರಿಕ್ ಮೋರ್ಕಮ್ ಮತ್ತು ಅರ್ನಿ ವೈಸ್ ಎಂಬ ಹಾಸ್ಯಜೋಡಿಯ ಕ್ರಿಸ್‌ಮಸ್ ಕಾರ್ಯಕ್ರಮವನ್ನು ಆ ವರ್ಷ ನೋಡಿದವರು ಬಿಬಿಸಿಯ ಲೆಕ್ಕದಲ್ಲಿ 2 ಕೋಟಿ 80 ಲಕ್ಷ. ಇನ್ನೊಂದು ಲೆಕ್ಕದಲ್ಲಿ 2 ಕೋಟಿ 10 ಲಕ್ಷದ ಆಸುಪಾಸು. ಚಿಕ್ಕ ಸಂಖ್ಯೆಯನ್ನೇ ಹಿಡಿದರೂ ಮೂರು ಬ್ರಿಟಿಷರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಒಂದೇ ಹೊತ್ತಿಗೆ ನಕ್ಕಿದ್ದಾರೆ! 1986ರ ಕ್ರಿಸ್‌ಮಸ್ ದಿನ ‘ಈಸ್ಟ್‌ಎಂಡರ್ಸ್’ ಧಾರಾವಾಹಿಯಲ್ಲಿ ಗಂಡ ಹೆಂಡತಿಯ ಕೈಗೆ ವಿಚ್ಛೇದನದ ಕಾಗದ ಇಡುವ ಕಂತನ್ನು ಮರುಪ್ರಸಾರವೂ ಸೇರಿ 3 ಕೋಟಿ ಮಂದಿ ನೋಡಿದರು. (ಹಬ್ಬದ ದಿನ ವಿಚ್ಛೇದನ! ನಮ್ಮ ಧಾರಾವಾಹಿಗಳವರು ಕೂಡ ಗೌರಿ ಹಬ್ಬಕ್ಕೆ ಅಷ್ಟು ಧೈರ್ಯ ಮಾಡಲಾರರು.) 1996ರ ಡಿಸೆಂಬರ್ 29ರಂದು ‘ಓನ್ಲಿ ಫೂಲ್ಸ್ ಆ್ಯಂಡ್ ಹಾರ್ಸಸ್’ ಹಾಸ್ಯ ಧಾರಾವಾಹಿಯ ಹಬ್ಬದ ಕಂತಿಗೆ 2 ಕೋಟಿ 43 ಲಕ್ಷ.

1977ರಲ್ಲಿ ಇದ್ದದ್ದೇ ಮೂರು ಚಾನೆಲ್. ಚಾನೆಲ್ 4 ಬಂದದ್ದು 1982ರಲ್ಲಿ. ಹಾಗಾಗಿ ಆ ಕೋಟಿಗಳಲ್ಲಿ ಒಂದು ಪಾಲು ‘ಬೇರೆ ಗತಿ ಇರಲಿಲ್ಲ’ ಎನ್ನುವ ಲೆಕ್ಕಕ್ಕೇ ಹೋಗಬೇಕು. ಇನ್ನೊಂದು ಮಾತು. ಅದನ್ನು ‘ಸುವರ್ಣಯುಗ’ ಎನ್ನುವವರು ಯಾರ ಸುವರ್ಣ ಎಂದೂ ಕೇಳಿಕೊಳ್ಳಬೇಕು. ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುವ ‘ಬ್ಲ್ಯಾಕ್ ಆ್ಯಂಡ್ ವೈಟ್ ಮಿನ್‌ಸ್ಟ್ರೆಲ್ ಷೋ’ವನ್ನು ಬಿಬಿಸಿ 1978ರ ತನಕ ಪ್ರಸಾರ ಮಾಡಿತು. ಯೂಟ್ಯೂಬ್‌ನಲ್ಲಿ ನಾವೆಲ್ಲ ನೋಡಿ ನಕ್ಕಿರುವ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಐಟಿವಿಯಲ್ಲಿ ಶುರುವಾದದ್ದು 1977ರ ಡಿಸೆಂಬರ್ 30ರಂದು, ಅಂದರೆ ಆ ಪ್ರಸಿದ್ಧ ಕ್ರಿಸ್‌ಮಸ್ಸಿನ ವಾರದಲ್ಲೇ. ಸಾಗರದಲ್ಲಿ ಕೂತು ನಗುವಾಗ ಏನೂ ಅನ್ನಿಸಿರಲಿಲ್ಲ. ಶೆಫೀಲ್ಡ್‌ನ ಅಂಗಡಿಯಲ್ಲಿ ನನ್ನ ಉಚ್ಚಾರಣೆ ಅರ್ಥವಾಗದೆ ಒಬ್ಬ ಹುಡುಗ ಮೂರು ಸಲ ‘ಏನು?’ ಎಂದ ಸಂಜೆ ಮತ್ತೆ ನೋಡಿದೆ. ಅಷ್ಟಾಗಿ ನಗು ಬರಲಿಲ್ಲ. ಆದ್ದರಿಂದ ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ.

ನಾನು ಹೇಳುವುದು ಇಷ್ಟು: ನೋಡುಗರು ಹೋಗಿಬಿಟ್ಟರು ಎನ್ನುವುದು ನೆಪ. 2023ರ ಕ್ರಿಸ್‌ಮಸ್ ದಿನ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಜನ ನೋಡಿದ್ದು ಯಾವುದನ್ನು ಗೊತ್ತೇ? ದೊರೆ ಚಾರ್ಲ್ಸ್ ಅವರ ಭಾಷಣವನ್ನು! ಮಧ್ಯಾಹ್ನ ಮೂರಕ್ಕೆ, ಹತ್ತು ನಿಮಿಷ. ಅದಕ್ಕೆ ದೊರೆಯವರನ್ನು ಅಭಿನಂದಿಸೋಣ. ಆದರೆ ದೇಶದ ಅಷ್ಟೂ ಹಾಸ್ಯಗಾರರು, ಕಥೆಗಾರರು, ನಟರು ಸೇರಿ ಒಂದು ಭಾಷಣದಷ್ಟು ಜನರನ್ನು ಹಿಡಿಯಲಾಗಲಿಲ್ಲ ಎಂದರೆ ತಪ್ಪು ಕುರ್ಚಿಯಲ್ಲಿ ಕೂತವರದ್ದೋ, ಬಡಿಸಿದವರದ್ದೋ?

ಉತ್ತರ ಮುಂದಿನ ವರ್ಷ, ನಾನು ಅಜ್ಜಿಯ ಸೋಫಾದಲ್ಲಿ ಕೂತಿದ್ದಾಗಲೇ ಸಿಕ್ಕಿತು. ಸಂಜೆ ಆರರ ಸುಮಾರಿಗೆ ‘ವಾಲೇಸ್ ಆ್ಯಂಡ್ ಗ್ರೋಮಿಟ್’ನ ಹೊಸ ಚಿತ್ರ ಬಂತು. ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೊದವರು ಮಣ್ಣಿನ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಚಿತ್ರ ತೆಗೆದು ಮಾಡುವಂಥದ್ದು. ದಿನವಿಡೀ ದುಡಿದರೂ ಕೆಲವೇ ಸೆಕೆಂಡಿನ ಚಲನೆ ಸಿಗುತ್ತದೆ. ಅದರ ಖಳನಾಯಕ ಒಂದು ಪೆಂಗ್ವಿನ್. ಮಾತಾಡುವುದಿಲ್ಲ, ಹುಬ್ಬಿಲ್ಲ, ಬಾಯಿ ತೆರೆಯುವುದಿಲ್ಲ, ಎರಡು ಕರಿ ಮಣಿಯಂಥ ಕಣ್ಣು ಅಷ್ಟೇ. 1993ರಲ್ಲಿ ಇದೇ ಪೆಂಗ್ವಿನ್ನನ್ನು ಮಗನ ಜೊತೆ ಕೂತು ನೋಡಿದ್ದನ್ನು ನೆನೆದು ಅಜ್ಜಿ ಅದು ಕಂಡಾಗಲೆಲ್ಲ ‘ಬಂದ ನೋಡು ಕಳ್ಳ!’ ಎನ್ನುತ್ತಿದ್ದರು. ನನಗೆ ಆ ನೆನಪಿಲ್ಲ, ಇಂಗ್ಲಿಷಿನ ಅರ್ಧ ಚಟಾಕಿ ತಲೆಗೆ ಹೋಗಲಿಲ್ಲ. ಆದರೂ ಇಬ್ಬರೂ ಒಂದೇ ಜಾಗದಲ್ಲಿ ನಕ್ಕೆವು.

ರಾತ್ರಿ ಒಂಬತ್ತಕ್ಕೆ ‘ಗ್ಯಾವಿನ್ ಆ್ಯಂಡ್ ಸ್ಟೇಸಿ’ಯ ಕೊನೆಯ ಕಂತು. ಎಸೆಕ್ಸ್‌ನ ಹುಡುಗ, ವೇಲ್ಸ್‌ನ ಹುಡುಗಿ, ಅವರ ಎರಡು ಕುಟುಂಬಗಳ ಕಥೆ. ನಮ್ಮಲ್ಲಿ ಧಾರವಾಡದ ಬೀಗರೂ ಮಂಗಳೂರಿನ ಬೀಗರೂ ಒಂದೇ ಛತ್ರದಲ್ಲಿ ಸಿಕ್ಕಿಕೊಂಡ ಹಾಗೆ ಊಹಿಸಿಕೊಳ್ಳಿ. ರೂತ್ ಜೋನ್ಸ್ ಮತ್ತು ಜೇಮ್ಸ್ ಕಾರ್ಡನ್ ಬರೆದದ್ದು. 2019ರ ಕ್ರಿಸ್‌ಮಸ್ ಕಂತಿನ ಕೊನೆಗೆ ನೆಸ್ಸಾ ಎಂಬ ಹೆಂಗಸು ಮಂಡಿಯೂರಿ ಸ್ಮಿಥಿಯನ್ನು ‘ಮದುವೆ ಆಗ್ತೀಯಾ?’ ಎಂದು ಕೇಳಿದ್ದಳು. ಅವನ ಉತ್ತರ ಹೇಳದೆ ಐದು ವರ್ಷ ಕಾಯಿಸಿದ್ದರು. ಅಂದು ರಾತ್ರಿ ಉತ್ತರಕ್ಕಾಗಿ ಟಿವಿ ಮುಂದೆ ಕೂತವರು 1 ಕೋಟಿ 23 ಲಕ್ಷ. ಆಮೇಲೆ ನೋಡಿದವರ ಲೆಕ್ಕ ಬೇರೆ. ಇದೇ ಕಾಲದಲ್ಲಿ, ಇದೇ ಫೋನುಗಳು ಕೈಯಲ್ಲಿರುವಾಗ! ಒಳ್ಳೆಯದನ್ನು ಮಾಡಿ, ಸಮಯ ಹೇಳಿ ಕರೆದರೆ ಜನ ಬರುತ್ತಾರೆ.

ಉಳಿದ ದಿನಗಳ ತಟ್ಟೆ ನೋಡಿ. ಬೆಳಗ್ಗೆಯಿಂದ ರಾತ್ರಿಯವರೆಗೆ ಮೂವತ್ತು, ನಲವತ್ತು ವರ್ಷದ ಹಿಂದಿನ ಹಾಸ್ಯ ಧಾರಾವಾಹಿಗಳ ಮರುಪ್ರಸಾರ. ‘ಹಳೆಯ ಕ್ರಿಸ್‌ಮಸ್ ಕಾರ್ಯಕ್ರಮಗಳ ಅತ್ಯುತ್ತಮ ಕ್ಷಣಗಳು’ ಎಂಬ ಕತ್ತರಿಸಿ ಅಂಟಿಸಿದ ಕಾರ್ಯಕ್ರಮ. ವರ್ಷವಿಡೀ ಬರುವ ಅದೇ ರಸಪ್ರಶ್ನೆಗೆ, ಅದೇ ಅಡುಗೆ ಸ್ಪರ್ಧೆಗೆ ತಾರೆಯರನ್ನು ಕರೆಸಿ ಕೆಂಪು ಟೋಪಿ ತೊಡಿಸಿದರೆ ಆಯಿತು, ಹಬ್ಬದ ವಿಶೇಷ. ಮೆಚ್ಚಿದ ಹಳೆಯ ಕಾರ್ಯಕ್ರಮವನ್ನು ಮತ್ತೆ ನೋಡುವ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ರೇಮಂಡ್ ಬ್ರಿಗ್ಸ್ ಪುಸ್ತಕ ಆಧರಿಸಿದ ‘ದಿ ಸ್ನೋಮ್ಯಾನ್’ ಅನ್ನು 1982ರಿಂದ ಪ್ರತಿ ವರ್ಷ ತೋರಿಸುತ್ತಾರೆ. ಅದು ಉಪ್ಪಿನಕಾಯಿ, ಹಳೆಯದಾದಷ್ಟೂ ರುಚಿ. ಆದರೆ ಊಟಕ್ಕೆ ಕೂರಿಸಿ ಉಪ್ಪಿನಕಾಯಿಯನ್ನೇ ಅನ್ನದಷ್ಟು ಬಡಿಸಿದರೆ?

ನನಗೆ ಹೆಚ್ಚು ಬೇಸರ ತಂದದ್ದು ಬೇರೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ 1825ರಿಂದ ಮಕ್ಕಳಿಗಾಗಿ ಕ್ರಿಸ್‌ಮಸ್ ವಿಜ್ಞಾನ ಉಪನ್ಯಾಸ ನಡೆಸುತ್ತಿದೆ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಿಂದ ಬಂದು ಜಗತ್ತಿನ ದೊಡ್ಡ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ ಆ ಮೇಜಿನ ಹಿಂದೆ ನಿಂತು ಒಂದು ಮೋಂಬತ್ತಿ ಹಚ್ಚಿ ಇಡೀ ರಸಾಯನಶಾಸ್ತ್ರ ಹೇಳಿದ್ದರು. 1966ರಿಂದ ಬಿಬಿಸಿ ಇದನ್ನು ನಿಯಮಿತವಾಗಿ ಪ್ರಸಾರ ಮಾಡಿತು. 1973ರಲ್ಲಿ ಡೇವಿಡ್ ಅಟೆನ್‌ಬರೊ, 1977ರಲ್ಲಿ ಕಾರ್ಲ್ ಸಾಗನ್ ಉಪನ್ಯಾಸ ಕೊಟ್ಟರು. ಹೌದು, ಅದೇ 1977! ಆ ಹಬ್ಬಕ್ಕೆ ಒಂದು ಚಾನೆಲ್‌ನಲ್ಲಿ ಮೋರ್ಕಮ್ ಮತ್ತು ವೈಸ್, ಇನ್ನೊಂದರಲ್ಲಿ ಗ್ರಹಗಳ ಬಗ್ಗೆ ಮಕ್ಕಳೊಂದಿಗೆ ಮಾತಾಡುವ ಸಾಗನ್. ಗುಣಮಟ್ಟ ಎಂದರೆ ನನ್ನ ಕಣ್ಣಿಗೆ ಕಾಣುವುದು ಇದು, ಕೋಟಿಗಳ ಲೆಕ್ಕವಲ್ಲ. 2000ದಿಂದ ಈಚೆಗೆ ಆ ಉಪನ್ಯಾಸಮಾಲೆ ಬಾಡಿಗೆ ಮನೆ ಬದಲಿಸಿದಂತೆ ಬಿಬಿಸಿ ಬಿಟ್ಟು ಚಾನೆಲ್ 4ಕ್ಕೆ, ಅಲ್ಲಿಂದ ಫೈವ್‌ಗೆ, ಮೋರ್ 4ಕ್ಕೆ ಅಲೆದು 2010ರಿಂದ ಬಿಬಿಸಿ ಫೋರ್ ಎಂಬ ಸಣ್ಣ ಚಾನೆಲ್‌ನಲ್ಲಿದೆ. ಅಜ್ಜಿ ಅದಕ್ಕೂ ಕೆಂಪು ಸುತ್ತು ಹಾಕಿದ್ದರು. ‘ಮೊದಲು ಇದನ್ನು ಹುಡುಕಬೇಕಾಗಿರಲಿಲ್ಲ’ ಎಂದರು.

ಇಷ್ಟೆಲ್ಲ ತಕರಾರು ಒಂದು ಟಿವಿಗಾಗಿಯೇ, ರಿಮೋಟ್ ಒತ್ತಿ ಎದ್ದುಹೋದರೆ ಮುಗಿಯಿತಲ್ಲ ಎನ್ನಬಹುದು ನೀವು. ಎದ್ದು ಹೋಗುವುದೆಲ್ಲಿಗೆ? ಆ ದಿನ ಬಸ್ಸಿಲ್ಲ, ಬೀದಿಯಲ್ಲಿ ಜನರಿಲ್ಲ. ಒಬ್ಬರೇ ಇರುವವರ ಮನೆಗೆ ಆ ದಿನ ಬರುವ ನೆಂಟ ಟಿವಿ ಒಂದೇ. ಜೊತೆಗೆ ಅದು ಬಿಟ್ಟಿಯೂ ಅಲ್ಲ. ಅಲ್ಲಿ ಟಿವಿ ನೋಡಲು ಲೈಸೆನ್ಸ್ ಬೇಕು. ನಮ್ಮಲ್ಲೂ ಹಿಂದೆ ರೇಡಿಯೊಗೆ ಇತ್ತಂತೆ, ಅಜ್ಜ ಹೇಳುತ್ತಿದ್ದರು. ಬಿಬಿಸಿ ಮುಖ್ಯವಾಗಿ ನಡೆಯುವುದೇ ಆ ಹಣದಿಂದ. 2024ರಲ್ಲಿ ಅದರ ಶುಲ್ಕ ವರ್ಷಕ್ಕೆ 169.50 ಪೌಂಡ್, ಅಂದರೆ ಹತ್ತಿರ ಹತ್ತಿರ 18 ಸಾವಿರ ರೂಪಾಯಿ. 75 ದಾಟಿದವರಿಗೆಲ್ಲ ಉಚಿತವಾಗಿದ್ದ ಲೈಸೆನ್ಸನ್ನು 2020ರ ಆಗಸ್ಟ್‌ನಿಂದ ‘ಪೆನ್ಷನ್ ಕ್ರೆಡಿಟ್’ ಎಂಬ ಸರ್ಕಾರಿ ನೆರವು ಪಡೆಯುವವರಿಗಷ್ಟೇ ಉಳಿಸಿದರು. ಆ ನೆರವಿನ ಮಿತಿಗಿಂತ ತುಸು ಹೆಚ್ಚು ಪಿಂಚಣಿ ಬರುವ ನಮ್ಮ ಅಜ್ಜಿ ಪೂರ್ತಿ ದುಡ್ಡು ಕಟ್ಟುತ್ತಾರೆ. ಚಳಿಗೆ ಹೀಟರ್ ಹಾಕಲು ಗಂಟೆ ಲೆಕ್ಕ ಹಾಕುವವರು ಟಿವಿ ಲೈಸೆನ್ಸ್ ತಪ್ಪಿಸಿಲ್ಲ. ಅವರಿಗೆ ತಂಗಳು ಬಡಿಸುವುದನ್ನು ‘ಪ್ರೇಕ್ಷಕರ ಅಭಿರುಚಿ ಬದಲಾಗಿದೆ’ ಎಂಬ ದೊಡ್ಡ ಮಾತಿನಲ್ಲಿ ಮುಚ್ಚಬಾರದು. ನನ್ನ ಹತ್ತು ಪುಟದ ಪ್ರಬಂಧದಲ್ಲಿ ಇಂಥವರು ಒಬ್ಬರೂ ಇರಲಿಲ್ಲ.

ಹಣವಿಲ್ಲ ಎನ್ನುವ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಒಪ್ಪುತ್ತೇನೆ. ಹಾಗಿದ್ದರೆ ಹದಿನೈದು ದಿನ ತುಂಬಿಸುವ ಹಟ ಬಿಟ್ಟು, ದಿನಕ್ಕೆ ಒಂದೇ ಹೊಸದು ಮಾಡಲಿ, ಅದನ್ನು ಬರೆಯಲು ಹೊಸಬರಿಗೆ ವರ್ಷ ಮೊದಲೇ ಕೆಲಸ ಕೊಡಲಿ. ನನ್ನ ತರಗತಿಯಲ್ಲೇ ಮೂವರು ಚಿತ್ರಕಥೆ ಬರೆದು ಇಟ್ಟುಕೊಂಡು ಕಾಫಿ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದರು. ವಿಜ್ಞಾನ ಉಪನ್ಯಾಸವನ್ನು ದೊಡ್ಡ ಚಾನೆಲ್‌ಗೆ, ಮಕ್ಕಳು ಎಚ್ಚರ ಇರುವ ಹೊತ್ತಿಗೆ ತರಲಿ. ಅದಕ್ಕೆ ಹೊಸ ಖರ್ಚೂ ಇಲ್ಲ. ಅಂದ ಹಾಗೆ, ಸಾಗನ್ ಅವರ 1977ರ ಉಪನ್ಯಾಸಗಳು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸುಸ್ತಾದ ರಾತ್ರಿಗಳಲ್ಲಿ ನಾನು ನೋಡುವುದು ಅದನ್ನೇ.

ಊರಿಗೆ ಮರಳಿದ ಮೇಲೂ ಅಜ್ಜಿಗೆ ಆಗಾಗ ಫೋನ್ ಮಾಡುತ್ತೇನೆ. ಕಳೆದ ಸಲ ಮಾತಾಡುವಾಗ ನಮ್ಮಲ್ಲಿ ಹಬ್ಬಕ್ಕೆ ಟಿವಿಯಲ್ಲಿ ಏನು ತೋರಿಸುತ್ತಾರೆ ಎಂದು ಕೇಳಿದರು. ಧಾರಾವಾಹಿ ನಟಿಯರು ರಂಗೋಲಿ ಬಿಡುವುದು, ಒಬ್ಬರ ಬಾಯಿಗೆ ಒಬ್ಬರು ಹೋಳಿಗೆ ಇಡುವುದು, ಆಮೇಲೆ ‘ಕಿರುತೆರೆಯಲ್ಲಿ ಮೊಟ್ಟಮೊದಲ ಬಾರಿಗೆ’ ಎಂದು ಮೂರನೇ ಸಲ ಬರುವ ಸಿನಿಮಾ ಎಂದೆ. ತುಂಬಾ ಹೊತ್ತು ನಕ್ಕರು.