ವಾರಕ್ಕೊಮ್ಮೆಯ ಫಿಸಿಯೋ ಸಾಲದು: ಸೆರೆಬ್ರಲ್ ಪಾಲ್ಸಿ ಮಕ್ಕಳ ಪೋಷಕರ ಹಕ್ಕೊತ್ತಾಯ ಪತ್ರ

ಗೆ,
ಮಾನ್ಯ ಮುಖ್ಯಮಂತ್ರಿಗಳು, ಮತ್ತು ಆರೋಗ್ಯ, ಶಾಲಾ ಶಿಕ್ಷಣ, ವಿಕಲಚೇತನರ ಸಬಲೀಕರಣ ಇಲಾಖೆಗಳ ಮಾನ್ಯ ಸಚಿವರು, ಕರ್ನಾಟಕ ಸರ್ಕಾರ

ಮಾನ್ಯರೇ,

ನಾವು ಸೆರೆಬ್ರಲ್ ಪಾಲ್ಸಿ ಮತ್ತು ಅದನ್ನು ಹೋಲುವ ಚಲನೆಯ ತೊಂದರೆಗಳಿರುವ ಮಕ್ಕಳ ತಂದೆತಾಯಂದಿರು. ನಮ್ಮಲ್ಲಿ ಹೆಚ್ಚಿನವರದು ಕೂಲಿ, ಬೇಸಾಯ, ಸಣ್ಣ ಅಂಗಡಿ. ಮಕ್ಕಳಿಗೆ ಫಿಸಿಯೋಥೆರಪಿಯೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಇದೆ. ವಾರಕ್ಕೊಮ್ಮೆ, ಕೆಲವು ಕಡೆ ಹದಿನೈದು ದಿನಕ್ಕೊಮ್ಮೆ, ಅರ್ಧ ಗಂಟೆ. ಮಗುವನ್ನು ಮ್ಯಾಟ್ ಮೇಲೆ ಮಲಗಿಸಿ ಕಾಲು ಮಡಚಿ ಎಳೆಯುತ್ತಾರೆ, ಮಗು ಅಳುತ್ತದೆ, “ಮನೇಲೂ ಮಾಡಿಸಿ ಅಮ್ಮ” ಎಂದು ಹೇಳಿ ಮುಂದಿನ ಚೀಟಿ ಕರೆಯುತ್ತಾರೆ. ಹೊರಗೆ ಸಾಲು ಉದ್ದವಿರುತ್ತದೆ, ಒಳಗೆ ಥೆರಪಿಸ್ಟ್ ಒಬ್ಬರೇ. ಅವರ ಮೇಲೆ ನಮಗೆ ಸಿಟ್ಟಿಲ್ಲ.

ಕಾಲನ್ನು ಬೇರೆಯವರು ಎಳೆದುಬಿಟ್ಟರೆ ಮಗುವಿಗೆ ಹೊಸ ಕೆಲಸವೇನೂ ಬರುವುದಿಲ್ಲ. ತನಗೆ ಬೇಕಾದ ಕೆಲಸವನ್ನು ಮಗು ತಾನೇ ಮತ್ತೆ ಮತ್ತೆ ಮಾಡಿದರೆ ಬರುತ್ತದೆ. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ, ಮತ್ತೆ 2020ರಲ್ಲಿ, ಲಭ್ಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ಹೇಳಿದ್ದೂ ಇದನ್ನೇ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದವರು ‘ಹ್ಯಾಬಿಟ್’ ಎಂಬ ಎರಡೂ ಕೈಗಳ ತರಬೇತಿಯನ್ನು ಪರೀಕ್ಷಿಸಿದಾಗ ಮಕ್ಕಳಿಗೆ ದಿನಕ್ಕೆ 6 ಗಂಟೆಯಂತೆ 15 ದಿನ, ಒಟ್ಟು 90 ಗಂಟೆ ಅಭ್ಯಾಸ ಕೊಟ್ಟರು. ವಾರಕ್ಕೆ ಅರ್ಧ ಗಂಟೆಯ ನಮ್ಮ ಲೆಕ್ಕದಲ್ಲಿ ಅಷ್ಟು ಗಂಟೆ ತುಂಬಲು ಸುಮಾರು ಮೂರೂವರೆ ವರ್ಷ ಬೇಕು. ಅಷ್ಟರಲ್ಲಿ ಮಗುವಿನ ಮೂಳೆ ಬೆಳೆದಿರುತ್ತದೆ, ಸ್ನಾಯು ಇನ್ನಷ್ಟು ಗಿಡ್ಡವಾಗಿರುತ್ತದೆ. ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ವರ್ಷಕ್ಕೆ ಎರಡು ಬಾರಿ, ದಸರಾ ಮತ್ತು ಬೇಸಿಗೆ ರಜೆಯಲ್ಲಿ, ಪ್ರತಿ ತಾಲ್ಲೂಕಿನಲ್ಲೂ ಎರಡು-ಮೂರು ವಾರಗಳ ತೀವ್ರ ತರಬೇತಿ ಶಿಬಿರ ನಡೆಸಬೇಕು. ಶುರುವಾಗುವ ಮೊದಲೇ ಪ್ರತಿ ಮಗುವಿನ ಗುರಿಯನ್ನು ಪೋಷಕರ ಜೊತೆ ಕೂತು ಬರೆಯಬೇಕು. “ಸ್ನಾಯು ಬಿಗಿತ ತಗ್ಗಿಸುವುದು” ಎಂದು ಬರೆದರೆ ಅದನ್ನು ಗುರಿ ಎಂದು ನಾವು ಒಪ್ಪುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಮುದ್ದೆ ಮುರಿದು ಸಾರಿಗೆ ಅದ್ದುವುದು, ಕಮೋಡ್ ಮೇಲೆ ತಾನೇ ಕೂತು ಏಳುವುದು: ಇವು ಗುರಿಗಳು. ದೇಹದ ಒಂದೇ ಪಕ್ಕಕ್ಕೆ ತೊಂದರೆಯಿರುವ ಮಕ್ಕಳಿಗೆ ಚೆನ್ನಾಗಿರುವ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ಆಟ, ಊಟ ಮಾಡಿಸುವ ಪದ್ಧತಿಯಿದೆ. ಮೊದಲ ದಿನ ಮಗು ಗವಸು ಕಿತ್ತೆಸೆಯುತ್ತದೆ, ಕಡಲೆಕಾಯಿಯ ಒಂದು ಬೀಜ ಎತ್ತಲು ಹತ್ತು ಸಲ ಜಾರಿಸುತ್ತದೆ. ಪಕ್ಕದಲ್ಲಿ ಆತುರವಿಲ್ಲದೆ ಕೂರುವವರು ಬೇಕು. ಅರ್ಧ ಗಂಟೆಯ ಪಾಳಿಯಲ್ಲಿ ಅದು ಆಗದ ಕೆಲಸ.

ನಡೆಯಲಾರದ ಮಕ್ಕಳನ್ನು “ಇವರಿಗೆ ಉಪಯೋಗವಿಲ್ಲ” ಎಂದು ಕೈಬಿಡಕೂಡದು. ನೆಟ್ಟಗೆ ಕೂರುವುದು, ಕೆಮ್ಮದೆ ನುಂಗುವುದು, ನೋವಿಲ್ಲದೆ ರಾತ್ರಿ ಮಲಗುವುದು ಅವರ ಗುರಿಯಾಗಲಿ.

2. ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು. ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಹತ್ತು ವರ್ಷದ, ಮೈ ಬಿಗಿದ ಮಗುವನ್ನು ಸೊಂಟದ ಮೇಲೆ ಹೊತ್ತು ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದೆಂದರೇನು ಎಂಬುದನ್ನು ಆದೇಶ ಬರೆಯುವವರು ಒಮ್ಮೆ ನಿಂತು ನೋಡಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಂದಿರಿಗೆ ಬಸ್ ಪ್ರಯಾಣ ಉಚಿತ, ಅದಕ್ಕೆ ಕೃತಜ್ಞರು. ಆದರೆ ಆ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಂ ಹತ್ತಿರದಲ್ಲೇ, ವಿಶೇಷವಾಗಿ ಹಳ್ಳಿಗಾಡಿನಲ್ಲಿ, ಉಚಿತ ಆರೋಗ್ಯ ಸೇವೆ ಕೊಡಬೇಕೆನ್ನುತ್ತದೆ. ನಾವು ಕೇಳುತ್ತಿರುವುದು ಅದನ್ನೇ.

3. ಪ್ರತಿ ತಾಲ್ಲೂಕಿಗೆ ಮಕ್ಕಳಿಗೆಂದೇ ಒಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ಆಕ್ಯುಪೇಶನಲ್ ಥೆರಪಿಸ್ಟ್ ಹುದ್ದೆ ಮಂಜೂರಾಗಬೇಕು. ಕಾಯಂ ಹುದ್ದೆ. ಗುತ್ತಿಗೆ ಮುಗಿದು ಥೆರಪಿಸ್ಟ್ ಹೋದ ಮೇಲೆ ಹೊಸಬರಿಗೆ ಮಗು ಒಗ್ಗಲು ತಿಂಗಳುಗಳೇ ಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಶಾಲೆಯ ಸಮನ್ವಯ ಶಿಕ್ಷಣ ಸಂಪನ್ಮೂಲ (ಬಿಐಇಆರ್‌ಟಿ) ಶಿಕ್ಷಕರಿಗೂ ಮಗುವನ್ನು ಕೂರಿಸುವ, ಎತ್ತುವ, ಉಣಿಸುವ ಕ್ರಮಗಳಲ್ಲಿ ತರಬೇತಿ ಕೊಡಿ. ಪಿಂಚಣಿ ಅರ್ಜಿ ತುಂಬಿಸುವುದಕ್ಕಷ್ಟೇ ಅವರನ್ನು ದುಡಿಸಬೇಡಿ. ಹಾಗೆಂದು ಥೆರಪಿಸ್ಟ್ ಹುದ್ದೆಯ ಖರ್ಚು ಉಳಿಸಲು ಅವರ ಗೌರವಧನಕ್ಕೇ ಈ ಹೊರೆಯನ್ನೂ ಕಟ್ಟಬೇಡಿ.

4. ಹುಟ್ಟಿದಾಗ ಅಳದ, ತೂಕ ಕಡಿಮೆಯಿದ್ದ, ಕಾಮಾಲೆ ವಿಪರೀತ ಏರಿದ್ದ ಶಿಶುಗಳನ್ನು ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಮೂರನೇ ತಿಂಗಳಿಂದಲೇ ಕರೆಸಿ ನೋಡಬೇಕು. ತೊಂದರೆಯನ್ನು ಆರು ತಿಂಗಳೊಳಗೆ ಗುರುತಿಸಲು ಸಾಧ್ಯವೆಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮಲ್ಲಿ “ಅವರಪ್ಪನೂ ತಡವಾಗಿಯೇ ನಡೆದದ್ದು” ಎನ್ನುತ್ತ ಎರಡು ವರ್ಷ ಕಳೆದುಹೋಗುತ್ತದೆ.

5. ತೊಂದರೆ ಹೆಚ್ಚಿರುವ ಮಕ್ಕಳಿಗೆ ನಿಗದಿತ ಅವಧಿಯಲ್ಲಿ ಸೊಂಟದ ಎಕ್ಸ್-ರೇ ಕಡ್ಡಾಯವಾಗಲಿ. ಕೀಲು ಸದ್ದಿಲ್ಲದೆ ಜಾರುತ್ತದೆ. ನೋವು ಶುರುವಾಗುವ ಹೊತ್ತಿಗೆ ಆಪರೇಶನ್ನೇ ದಾರಿ. ದಕ್ಷಿಣ ಸ್ವೀಡನ್ನಿನಲ್ಲಿ 1994ರಿಂದ ಹೀಗೆ ಕಣ್ಣಿಟ್ಟು ಕೀಲು ತಪ್ಪುವುದನ್ನು ಬಹುಪಾಲು ತಡೆದಿದ್ದಾರೆ. ಎಕ್ಸ್-ರೇ ಯಂತ್ರ ನಮ್ಮಲ್ಲೂ ಇದೆ.

6. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಆದರೆ ಥೆರಪಿಗೆ ಯಾರೂ ಆಸ್ಪತ್ರೆಯಲ್ಲಿ ದಾಖಲಾಗುವುದಿಲ್ಲ. ಹೊರರೋಗಿಯಾಗಿ ಪಡೆಯುವ ತೀವ್ರ ತರಬೇತಿಗೂ ಅದರಲ್ಲಿ ಪ್ಯಾಕೇಜ್ ಸೇರಿಸಿ. ಆರೈಕೆದಾರರಿಗೆ 2024-25ರ ಬಜೆಟ್‌ನಲ್ಲಿ ಘೋಷಿಸಿದ ತಿಂಗಳಿಗೆ 1,000 ರೂಪಾಯಿ ಭತ್ಯೆಯನ್ನು ಹೆಚ್ಚಿಸಿ, ಶಿಬಿರದ ದಿನಗಳಿಗೆ ಕೂಲಿಯನ್ನೂ ಕೊಡಿ.

7. ಸ್ಪ್ಲಿಂಟ್, ಬೂಟು, ಕುರ್ಚಿ, ನಿಲ್ಲುವ ಚೌಕಟ್ಟುಗಳಿಗೆ ಸಲಕರಣೆ ಹಂಚುವ ಶಿಬಿರ ಬರುವವರೆಗೆ ಕಾಯಿಸಬೇಡಿ. ಮಗು ಬೆಳೆಯುತ್ತದೆ, ಅಳತೆ ಕೊಟ್ಟ ಬೂಟು ಬರುವಷ್ಟರಲ್ಲಿ ಬಿಗಿಯಾಗುತ್ತದೆ. ಥೆರಪಿಸ್ಟ್ ಅಳತೆ ಬರೆದುಕೊಟ್ಟರೆ ಪ್ಲೈವುಡ್ಡಿನ ಕುರ್ಚಿಯನ್ನು ಊರಿನ ಬಡಗಿಯೇ ಮಾಡಿಕೊಡುತ್ತಾನೆ. ಅದಕ್ಕೂ ಅನುದಾನ ಕೊಡಿ.

8. ಸ್ಟೆಮ್ ಸೆಲ್ ಚುಚ್ಚುಮದ್ದು, ಆಮ್ಲಜನಕದ ಕೋಣೆ ಎಂದು ಲಕ್ಷಗಟ್ಟಲೆ ಕೀಳುವ ಜಾಹೀರಾತುಗಳಿಗೆ ಕಡಿವಾಣ ಹಾಕಿ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸೆರೆಬ್ರಲ್ ಪಾಲ್ಸಿಗೆ ಸ್ಟೆಮ್ ಸೆಲ್ ಅನ್ನು ನೋಂದಾಯಿತ ಪ್ರಯೋಗದ ಹೊರಗೆ ಕೊಡುವಂತಿಲ್ಲ. ಹೊಲ ಮಾರಿ ಆ ದುಡ್ಡು ಕೊಟ್ಟವರು ನಮ್ಮಲ್ಲಿದ್ದಾರೆ. ಸರ್ಕಾರಿ ಬಾಗಿಲು ಅರ್ಧ ಗಂಟೆಗೆ ಮುಚ್ಚುವಾಗ ಅವರನ್ನು ಮೂಢರೆನ್ನಲು ನಮಗೆ ಬಾಯಿ ಬರುವುದಿಲ್ಲ.

9. ಎಣಿಸಿ. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಗುರುತಿಸಿತು, ಅದರಲ್ಲಿ ಸೆರೆಬ್ರಲ್ ಪಾಲ್ಸಿಗೆ ಪ್ರತ್ಯೇಕ ಕಾಲಂ ಇರಲಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯೂ ಎಷ್ಟು ಮಕ್ಕಳಿಗೆ ಎಷ್ಟು ಗಂಟೆ ಥೆರಪಿ ಕೊಟ್ಟಿತೆಂದು ಮೂರು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು.

ಈ ಒಂಬತ್ತರಲ್ಲಿ ಯಾವುದನ್ನು, ಯಾವ ತಿಂಗಳೊಳಗೆ, ಯಾವ ಅಧಿಕಾರಿ ಜಾರಿಗೆ ತರುತ್ತಾರೆ ಎಂದು ಬರೆದು ತಿಳಿಸಿ. “ಪರಿಶೀಲಿಸಲಾಗುವುದು” ಎಂಬ ಹಿಂಬರಹಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ.

ಇಂತಿ,
ಸೆರೆಬ್ರಲ್ ಪಾಲ್ಸಿ ಮಕ್ಕಳ ಪೋಷಕರು