ಭತ್ತದ ಹೊಟ್ಟಿಗೆ ಬ್ಯಾಟರಿಯಲ್ಲೂ ಜಾಗವಿದೆ

ಸೋಡಿಯಂ ಅಯಾನ್ ಬ್ಯಾಟರಿಯ ಚರ್ಚೆ ‘ಉಪ್ಪು ಅಗ್ಗ’ ಎಂಬಲ್ಲಿಗೇ ನಿಂತುಬಿಡುತ್ತದೆ. ನಿಜವಾದ ತೊಡಕು ಆನೋಡ್‌ನದು. ಲಿಥಿಯಂ ಬ್ಯಾಟರಿಯ ಗ್ರಾಫೈಟ್ ಪದರಗಳಲ್ಲಿ ಸೋಡಿಯಂ ಸಲೀಸಾಗಿ ನೆಲೆಸದು; ಅದಕ್ಕೆ ಅಸ್ತವ್ಯಸ್ತ ರಚನೆಯ, ಸೂಕ್ಷ್ಮರಂಧ್ರಗಳ ಹಾರ್ಡ್ ಕಾರ್ಬನ್ ಬೇಕು. ಭತ್ತದ ಹೊಟ್ಟನ್ನು ಗಾಳಿಯಿಲ್ಲದೆ 1,000 ಡಿಗ್ರಿ ಮೀರಿ ಕಾಯಿಸಿ ಅದನ್ನು ಪಡೆಯಬಹುದೆಂದು ಪ್ರಯೋಗಾಲಯಗಳು ತೋರಿಸಿವೆ. ತುಂಗಭದ್ರಾ ಕಾಲುವೆಯ ನೀರುಂಡ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಹೊಟ್ಟಿಗೆ ಬರವೇ? ಭತ್ತದ ತೂಕದಲ್ಲಿ ಸುಮಾರು ಶೇ 20ರಷ್ಟು ಅದೇ. ಕಬ್ಬಿಣದ ಅದಿರನ್ನು ಅಗೆದು ಹಾಗೆಯೇ ಹೊರಗೆ ಸಾಗಿಸಿದ ಕಾಲದಲ್ಲಿ ಬಳ್ಳಾರಿಯ ಪಾಲಿಗೆ ಬಂದದ್ದು ಕೆಂಧೂಳು. ಹೊಟ್ಟಿನ ಮೌಲ್ಯವಾದರೂ ಇಲ್ಲೇ ಹೆಚ್ಚಬೇಕು.

ಹೊಟ್ಟು ವ್ಯರ್ಥವಸ್ತುವಲ್ಲ, ಗಿರಣಿಗಳ ಬಾಯ್ಲರ್‌ಗೆ ಉರುವಲು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕೇಳುತ್ತಿರುವುದು ಅದರ ಒಂದು ಪಾಲನ್ನು ಮಾತ್ರ. ಅದರಲ್ಲಿರುವ ಸಿಲಿಕಾ ಇನ್ನೂ ದೊಡ್ಡ ಸಮಸ್ಯೆ. ಕ್ಷಾರದಿಂದ ಅದನ್ನು ಕರಗಿಸಿ ತೆಗೆಯಬಹುದು. ತೊಳೆದ ನೀರನ್ನು ಸಂಸ್ಕರಿಸದೆ ಕಾಲುವೆಗೆ ಬಿಡಬಾರದೆಂಬ ಷರತ್ತು ಮೊದಲ ದಿನದಿಂದಲೇ ಇರಬೇಕು. ಲಿಥಿಯಂ ಬ್ಯಾಟರಿಯಷ್ಟು ಶಕ್ತಿ ಸೋಡಿಯಂ ಬ್ಯಾಟರಿಯಲ್ಲಿ ಹಿಡಿಸದು, ನಿಜ. ಒಂದೆಡೆ ನಿಂತು ಸೌರವಿದ್ಯುತ್ ಕೂಡಿಡುವ ಬ್ಯಾಟರಿಗೆ ತೂಕ ಅಷ್ಟು ಮುಖ್ಯವೂ ಅಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸೋಡಿಯಂ ಬ್ಯಾಟರಿಗೆ ಬೇರೆ ಬಗೆಯ ಆನೋಡ್ ರೂಪಿಸಿದೆ. ಹೊಟ್ಟಿನ ಆನೋಡನ್ನೂ ಪರೀಕ್ಷಿಸಿ ನೋಡಲು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸರ್ಕಾರ ಒಂದು ಪ್ರಾಯೋಗಿಕ ಕುಲುಮೆ ಕೊಟ್ಟು, ಸಿರುಗುಪ್ಪದ ಗಿರಣಿ ಮಾಲೀಕರನ್ನೂ ರೈತರನ್ನೂ ಅದರಲ್ಲಿ ಪಾಲುದಾರರನ್ನಾಗಿ ಮಾಡಲಿ.