ಅಧ್ಯಾಪಕರ ತೃಪ್ತಿಯ ಅಳತೆ

ವಿಶ್ವವಿದ್ಯಾನಿಲಯಗಳ ಫಾರ್ಮಸಿ ವಿಭಾಗಗಳಲ್ಲಿ ಬೋಧಕವರ್ಗದ ವೃತ್ತಿತೃಪ್ತಿಯನ್ನು ಪ್ರಶ್ನಾವಳಿಗಳ ಮೂಲಕ ಅಳೆಯುವ ಪ್ರಯತ್ನಗಳು ನಡೆಯುತ್ತಿರುವುದು ಸ್ವಾಗತಾರ್ಹವಾದರೂ ಅಳೆಯುವ ಕ್ರಮವು ವಿಚಾರಾರ್ಹವಾದುದು. 2008ರಲ್ಲಿ ಫಾರ್ಮ್‌ ಡಿ (ಡಾಕ್ಟರ್ ಆಫ್ ಫಾರ್ಮಸಿ) ಶಿಕ್ಷಣಕ್ರಮವು ನಮ್ಮ ದೇಶದಲ್ಲಿ ಆರಂಭವಾದಂದಿನಿಂದ, ಪ್ರಯೋಗಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಧ್ಯಾಪಕರು ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಮಗ್ಗುಲಲ್ಲಿಯೂ ನಿಂತು ಬೋಧಿಸಬೇಕಾಗಿ ಬಂದು, ಸಂಶೋಧನ ಪ್ರಬಂಧಗಳ ಒತ್ತಾಯವೂ ತಪಾಸಣೆಯ ಕಡತಗಳ ಹೊರೆಯೂ ಅದರೊಡನೆ ಕೂಡಿಕೊಂಡಿರುವಾಗ, ಅವರೆಲ್ಲರ ಮನಃಸ್ಥಿತಿಯನ್ನು ಸರಾಸರಿಯ ಒಂದೇ ಅಂಕದಲ್ಲಿ ಅಡಗಿಸಿದರೆ ಗುತ್ತಿಗೆಯ ಮೇಲಿರುವ ಕಿರಿಯರ ಅಳಲು ಹಿರಿಯ ಪ್ರಾಧ್ಯಾಪಕರ ಸಮಾಧಾನದಲ್ಲಿ ಮುಳುಗಿಹೋಗುವುದು. ಹೆಸರು ಬಯಲಾಗುವ ಭಯವಿರುವೆಡೆಯಂತೂ ಆ ಅಳಲು ಹೊರಬೀಳುವುದೇ ದುಸ್ತರ.

ನ್ಯಾಕ್‌ ಎಂಬ ಉನ್ನತ ಶಿಕ್ಷಣ ಮೌಲ್ಯಮಾಪನ ಸಂಸ್ಥೆಯು 2017ರ ಪರಿಷ್ಕೃತ ಪದ್ಧತಿಯಲ್ಲಿ ವಿದ್ಯಾರ್ಥಿಗಳ ತೃಪ್ತಿಗೆ ಸ್ಥಾನವಿತ್ತಿತು. ಬೋಧಕರ ತೃಪ್ತಿಗೂ ಅಂಥದೇ ಗೌರವ ಸಲ್ಲಬೇಕು. ಸಮೀಕ್ಷೆಯು ಆಡಳಿತಮಂಡಳಿಗಳ ಕೈಯಲ್ಲಿರದೆ ಭಾರತೀಯ ಫಾರ್ಮಸಿ ಪರಿಷತ್ತಿನ ಹೊಣೆಯಲ್ಲಿ ಗೋಪ್ಯವಾಗಿ ನಡೆದು, ವೇತನ, ಕಾರ್ಯಭಾರ, ಬಡ್ತಿ ಇವುಗಳ ಫಲಿತಾಂಶವು ಪ್ರತ್ಯೇಕವಾಗಿಯೇ ಪ್ರಕಟವಾಗತಕ್ಕದ್ದೆಂಬುದು ನಮ್ಮ ದೃಢವಾದ ಅಭಿಪ್ರಾಯ.